ಸರ್ಕಾರದ ಗಮನಕ್ಕೆ

ನಮ್ಮಜ್ಜಿಗೆ ಸರ್ಕಾರವೆಂದರೆ ಬೀದಿಯ ತುದಿಯಲ್ಲಿ ಕಾಣಿಸಿಕೊಳ್ಳುವ ಒಬ್ಬ ಕೋಟಿನ ಮನುಷ್ಯ. ಅವನು ಬರುವುದು ಎರಡೇ ಕೆಲಸಕ್ಕೆಂದು ಅವಳ ಲೆಕ್ಕ. ಕಂದಾಯ ಬಾಕಿ ಇದ್ದರೆ ಪಾತ್ರೆಪಗಡ ಜಪ್ತಿ ಮಾಡುವುದಕ್ಕೆ, ಇಲ್ಲದಿದ್ದರೆ ಮಕ್ಕಳ ತೋಳಿಗೆ ದಾಕು ಹಾಕುವುದಕ್ಕೆ. ಕೋಟು ಕಂಡದ್ದೇ ತಡ, ಹಿತ್ತಾಳೆಯ ಕೊಳದಪ್ಪಲೆ ಹುಲ್ಲಿನ ಬಣವೆಯೊಳಗೆ ಸೇರುತ್ತಿತ್ತು, ಮೊಮ್ಮಕ್ಕಳಾದ ನಾವು ರಾಗಿಯ ವಾಡೆಯ ಹಿಂದೆ. ಕೊಳದಪ್ಪಲೆ ಸದ್ದಿಲ್ಲದೆ ಕೂರುತ್ತಿತ್ತು. ನಾವು ರಾಗಿಯ ದೂಳಿಗೆ ಸೀನುತ್ತಿದ್ದೆವು. ಒಂದು ಸಲ ಹೀಗೆ ಉಸಿರು ಬಿಗಿಹಿಡಿದು ಕೂತು ಕೂತು ಕಾಲು ಜೋಮು ಹಿಡಿದ ಮೇಲೆ, ಬಂದವನು ಪಕ್ಕದ ಮನೆಗೆ ಹೆಣ್ಣು ನೋಡಲು ಬಂದ ಗಂಡೆಂದು ತಿಳಿಯಿತು. ಅಜ್ಜಿಗೆ ಅವನ ಮೇಲಿನ ಅನುಮಾನ ಅವನಿಗೆ ಮೂರು ಮಕ್ಕಳಾದರೂ ಹೋಗಲಿಲ್ಲ.

1963ರಲ್ಲಿ ಪಟೇಲ, ಶಾನುಭೋಗರ ಪಾರಂಪರಿಕ ಹುದ್ದೆಗಳು ರದ್ದಾದಾಗ ನಾನಿನ್ನೂ ಸ್ಲೇಟು ಹಿಡಿದ ಹುಡುಗ. ರದ್ದಾದದ್ದು ಕಾಗದದಲ್ಲಿ. ನಮ್ಮೂರ ಪಟೇಲರು ಆಮೇಲೆಯೂ ಪಟೇಲರೇ. ಸರ್ಕಾರ ಕಳಿಸಿದ ಗ್ರಾಮ ಲೆಕ್ಕಿಗ, ಮೀಸೆ ಚಿಗುರದ ಹುಡುಗ, ಅವರ ಜಗಲಿಯ ಮೇಲೇ ಕೂತು, ಅವರ ಮನೆಯ ಕಾಫಿಯನ್ನೇ ಕುಡಿದು, ಯಾವ ಹೊಲ ಯಾರದೆಂದು ಅವರನ್ನೇ ಕೇಳಿ ಬರೆದುಕೊಳ್ಳುತ್ತಿದ್ದ. ಹಾಗೆ ಕೇಳುವಾಗ ಅವನೇ ಎದ್ದು ನಿಲ್ಲುತ್ತಿದ್ದ. ಸರ್ಕಾರ ಎದ್ದು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದು ಆಗಲೇ.

ಅಜ್ಜಿಯ ಮನಸ್ಸು ತಿರುಗಿದ್ದು ಎಂಬತ್ತರ ದಶಕದಲ್ಲಿ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು, ರಾಜ್ಯಕ್ಕೆ ಮೊಟ್ಟಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು ಎಂದು ಊರ ಗಂಡಸರೆಲ್ಲ ರೇಡಿಯೋ ಸುತ್ತ ಕೂತು ಹಿಗ್ಗುತ್ತಿದ್ದಾಗ ಅವಳು ಒಲೆ ಮುಂದಿನಿಂದ ಏಳಲಿಲ್ಲ. ಆಮೇಲೊಂದು ದಿನ ಕೊಳವೆಬಾವಿ ಕೊರೆಯುವ ಲಾರಿ ಊರಿಗೆ ಬಂತು. ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೂ ಬಾವಿ ಕೊರೆಸಿ ಕೈಪಂಪು ಹಾಕಿಸುತ್ತಿದ್ದ ಕಾಲ ಅದು. ಜನ ಅವರನ್ನು ನೀರ್‌ಸಾಬ್ ಎಂದೇ ಕರೆದರು. ಲಾರಿ ಒಂದು ರಾತ್ರಿ ಪೂರ್ತಿ ಗುಡುಗಿತು. ಬೆಳಗಿನ ಜಾವ ಕೆಸರು ಚಿಮ್ಮಿತು, ಹಿಂದೆಯೇ ನೀರು. ವಾರದೊಳಗೆ ಬೋರಿಂಗು ನಿಂತಿತು. ಅಜ್ಜಿ ಅದರ ಹಿಡಿಗೆ ಅರಿಶಿನ ಕುಂಕುಮ ಹಚ್ಚಿ, ಮನೆಗೆ ಬಂದು, "ಸಾಬ್ರು ನೀರು ಕೊಟ್ಟವ್ರೆ, ಆ ಕೊಳದಪ್ಪಲೆ ಆಚೆಗೆ ತೆಗೀರಿ" ಎಂದಳು. ನಮ್ಮ ಮನೆಯ ಹಿತ್ತಾಳೆ ಬೆಳಕು ಕಂಡದ್ದು ಹಾಗೆ. 1988ರಲ್ಲಿ ನಜೀರ್ ಸಾಬ್ ತೀರಿಕೊಂಡ ಸುದ್ದಿ ಬಂದಾಗ ಅವಳು ಬೋರಿಂಗಿನ ಹತ್ತಿರ ಹೋಗಿ, ಏದುಸಿರು ಬಿಡುತ್ತ ಒಂದು ಕೊಡ ನೀರು ಹೊಡೆದು, ಅದನ್ನು ಅಲ್ಲೇ ನೆಲಕ್ಕೆ ಸುರಿದು ಬರಿಗೊಡ ಹೊತ್ತು ಬಂದಳು. ಯಾಕೆಂದು ಯಾರೂ ಕೇಳಲಿಲ್ಲ. ಅವಳಿಗೆ ಒಬ್ಬ ಮುಖ್ಯಮಂತ್ರಿಯ ಹೆಸರೂ ಬರುತ್ತಿರಲಿಲ್ಲ.

ನನಗೆ ಎಲ್ಲರ ಹೆಸರೂ ಬರುತ್ತದೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಮೇಷ್ಟ್ರಾಗಿದ್ದು, ನಿವೃತ್ತನಾಗಿ, ತೆಂಗಿನ ಸೀಮೆಯ ಈ ತಾಲ್ಲೂಕು ಕೇಂದ್ರದಲ್ಲಿ ಮನೆ ಕಟ್ಟಿಕೊಂಡವನು ನಾನು. ಬೆಳಗಾದರೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಮ್ಮ ಸಚಿವ ಸಂಪುಟ ಸೇರುತ್ತದೆ. ಕೊಬ್ಬರಿ ಮಂಡಿ ಸಾಹುಕಾರರು, ರಿಟೈರಾದ ರೈಲ್ವೆ ಗಾರ್ಡು, ಪುರಸಭೆಗೆ ನಿಂತು ನಿಂತು ಸೋತ ಮೆಡಿಕಲ್ ಸ್ಟೋರಿನವರು, ಮತ್ತು ನಾನು. ಸಾಹುಕಾರರಿಗೆ ರಾಜ್ಯದ 224 ಕ್ಷೇತ್ರಗಳ ಜಾತಿವಾರು ಲೆಕ್ಕ ಬಾಯಿಪಾಠ. ಸ್ವಂತ ಮೊಮ್ಮಕ್ಕಳು ಯಾವ ಕ್ಲಾಸಿನಲ್ಲಿದ್ದಾರೆಂದು ಕೇಳಿದರೆ ಮಾತ್ರ ಮನೆಗೆ ಫೋನು ಮಾಡಬೇಕು. 2007ರಲ್ಲಿ ಒಂದು ಸರ್ಕಾರ ಏಳು ದಿನಕ್ಕೆ ಬಿತ್ತು. 2008ರಿಂದ 2013ರೊಳಗೆ ಒಂದೇ ವಿಧಾನಸಭೆ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. 2018ರಲ್ಲಿ ಇನ್ನೊಂದು ಸರ್ಕಾರ ಮೂರೇ ದಿನಕ್ಕೆ ಮುಗಿಯಿತು. "ಕೊಬ್ಬರಿ ರೇಟೂ ಇಷ್ಟು ಬೇಗ ಬೀಳಲ್ಲ ಕಣ್ರೀ" ಎಂದು ಅವರು ಕಾಫಿ ಲೋಟ ಕೆಳಗಿಡುತ್ತಾರೆ. ಗಾರ್ಡು ಅಂಥ ಮಾತಿಗೆಲ್ಲ ಬಗ್ಗುವವರಲ್ಲ. ಸಮ್ಮಿಶ್ರ ಸರ್ಕಾರವೆಂದರೆ ಮುಂದೊಂದು ಹಿಂದೊಂದು ಇಂಜಿನ್ನು ಕಟ್ಟಿದ ಗಾಡಿ, ಘಾಟಿ ಹತ್ತುವುದಕ್ಕೆ ಒಳ್ಳೆಯದು, ಇಳಿಜಾರಿನಲ್ಲಿ ಬ್ರೇಕು ಯಾರು ಹಾಕಬೇಕೆಂದೇ ಜಗಳ ಎಂಬುದು ಅವರ ಸಿದ್ಧಾಂತ. ಮೆಡಿಕಲ್ ಸ್ಟೋರಿನವರು ಯಾವ ಸರ್ಕಾರ ಬಂದರೂ ಒಂದೇ ಮಾತು ಹೇಳುತ್ತಾರೆ: "ಬಿಪಿ ಮಾತ್ರೆ ಮಾರಾಟ ಜಾಸ್ತಿಯಾಗಿದೆ."

2019ರ ಜುಲೈ 23ರ ಸಂಜೆ ನಮ್ಮ ಸಂಪುಟದ ತುರ್ತು ಸಭೆ. ಶಾಸಕರು ಮುಂಬಯಿಯ ಹೋಟೆಲು ಸೇರಿ ದಿನಗಳಾಗಿದ್ದವು, ವಿಧಾನಸಭೆಯಲ್ಲಿ ವಿಶ್ವಾಸಮತದ ಚರ್ಚೆ ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು. ಆವತ್ತು ಕೊನೆಗೂ ಎಣಿಕೆ. ಹೋಟೆಲಿನ ಟೀವಿಯಲ್ಲಿ ಸದಸ್ಯರು ಸಾಲುಸಾಲಾಗಿ ಎದ್ದು ನಿಲ್ಲುತ್ತಿದ್ದರು. ಸಾಹುಕಾರರ ಬೆರಳು ಗಾಳಿಯಲ್ಲೇ ತಲೆ ಎಣಿಸುತ್ತಿತ್ತು. ಕರೆಂಟು ಹೋಯಿತು.

ಅಂಥ ಕತ್ತಲೆಯನ್ನು ನಾನು ಮತ್ತೆ ಕಂಡಿಲ್ಲ. ನಾಲ್ಕು ಮೊಬೈಲುಗಳಿಂದ ಒಂದೇ ನಂಬರಿಗೆ ಫೋನು ಹೋಯಿತು. ಲೈನ್‌ಮನ್ ಬಂದ, ಹಳೆಯ ಮೊಪೆಡ್ಡು, ಹೆಗಲಿಗೆ ಹಗ್ಗ, ಸೊಂಟದಲ್ಲಿ ಕಟಿಂಗ್ ಪ್ಲೇಯರು. ಕರೆಂಟು ಬರುವ ಹೊತ್ತಿಗೆ ಸರ್ಕಾರ 99–105ರಲ್ಲಿ ಸೋತಾಗಿತ್ತು. ಕೈ ಒರೆಸಿಕೊಳ್ಳುತ್ತ ಟೀ ಕುಡಿಯಲು ಒಳಗೆ ಬಂದವನ ಮೇಲೆ ಸಾಹುಕಾರರು ಹರಿಹಾಯ್ದರು.

"ಏನಯ್ಯಾ, ಸರ್ಕಾರದ ಸಂಬಳ ತಿಂದು ಇಂಥ ಹೊತ್ತಲ್ಲಿ ಕರೆಂಟು ತೆಗೀತೀಯಲ್ಲಾ!"

"ಟಿಸಿ ಹತ್ರ ಜಂಪ್ ಕಟ್ಟಾಗಿತ್ತು ಯಜಮಾನ್ರೆ. ಎಲ್‌ಸಿ ತಗೊಳ್ದೆ ಕಂಬ ಹತ್ತಕ್ಕಾಗುತ್ತಾ? ಆಮೇಲೆ ಸರ್ಕಾರದ ಸಂಬಳ ಅನ್ಬೇಡಿ. ನಮ್ದು ಕಂಪ್ನಿ."

"ಅಯ್ಯೋ, ಸರ್ಕಾರ ಬಿದ್ದೋಯ್ತಪ್ಪಾ!"

"ಬಿತ್ತಾ?" ಎಂದ ಅವನು, ಟೀ ಆರಿಸುತ್ತ. "ಕಂಬ ಬಿದ್ದಿದ್ರೆ ನಂಗೆ ಫೋನ್ ಬರ್ತಿತ್ತು."

ಸಾಹುಕಾರರು ಅವನ ಟೀಯ ದುಡ್ಡನ್ನೂ ಕೊಟ್ಟು ಎದ್ದುಹೋದರು. ನನಗೆ ಮಾತ್ರ 'ನಮ್ದು ಕಂಪ್ನಿ' ಎಂದದ್ದು ತಲೆಯಲ್ಲಿ ಉಳಿಯಿತು. ನಿಜವೇ. 1999ರಲ್ಲಿ ವಿದ್ಯುತ್ ಮಂಡಳಿ ನಿಗಮವಾಯಿತು, 2002ರಲ್ಲಿ ಮನೆಮನೆಗೆ ಕರೆಂಟು ಹಂಚುವ ಕೆಲಸ ಬೇರೆ ಬೇರೆ ಕಂಪನಿಗಳ ಪಾಲಾಯಿತು. ಜನರ ಬಾಯಲ್ಲಿ ಇವತ್ತಿಗೂ ಅದು ಕೆಇಬಿ ಆಫೀಸೇ. ಇವನನ್ನು ಸರ್ಕಾರವೆಂದುಕೊಂಡು ನಾವು ಎಷ್ಟು ವರ್ಷ ಬೈದೆವು! ಮಳೆಗಾಲದಲ್ಲಿ ಬೈದೆವು, ಕ್ರಿಕೆಟ್ ಮ್ಯಾಚಿನಲ್ಲಿ ಬೈದೆವು, ಮಗಳ ಪರೀಕ್ಷೆಯ ಹಿಂದಿನ ರಾತ್ರಿಯಂತೂ ಅವನ ವಂಶವನ್ನೇ ಎತ್ತಿ ಬೈದೆವು. ವಿಧಾನಸೌಧಕ್ಕೆ ತಲುಪಬೇಕಾದ ಬೈಗುಳವೆಲ್ಲ ಅವನ ಮೊಪೆಡ್ಡಿನ ಮೇಲೇ ಖರ್ಚಾಗಿತ್ತು.

ಆಮೇಲಿಂದ ನನಗೊಂದು ಚಟ ಹತ್ತಿತು. ಕಾಕಿ ಅಥವಾ ಬ್ಯಾಡ್ಜು ಕಂಡರೆ ಸಾಕು, ಮೆಲ್ಲಗೆ ಹತ್ತಿರ ಹೋಗಿ, "ನೀವು ಸರ್ಕಾರಿ ನೌಕರರೇನಪ್ಪ?" ಎಂದು ವಿಚಾರಿಸುವುದು. ಮದುವೆ ಸಂಬಂಧ ಹುಡುಕುತ್ತಿದ್ದೇನೆಂದು ಕೆಲವರು ತಿಳಿದು, ಮುಖ ಒರೆಸಿಕೊಂಡು ಉತ್ತರ ಕೊಟ್ಟದ್ದುಂಟು.

ನಮ್ಮೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರೊಬ್ಬರು ನನಗೆ ಬಹಳ ವರ್ಷಗಳ ಪರಿಚಯ. ಟಿಕೆಟಿನ ಹಿಂದೆ ಚಿಲ್ಲರೆ ಬರೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಹದಿನೇಳು ರೂಪಾಯಿಯ ಟಿಕೆಟಿಗೆ ಐವತ್ತರ ನೋಟು ಕೊಟ್ಟಿರೋ, ಕಿವಿಯ ಹಿಂದಿನ ಪೆನ್ನು ಕೈಗೆ ಬರುತ್ತದೆ, ಬಸ್ಸು ಯಾವ ಹಳ್ಳಕ್ಕೆ ಇಳಿದರೂ ಕೈ ಅಲುಗದೆ '33' ಎಂದು ಬರೆದು ಅದಕ್ಕೊಂದು ಸುತ್ತು ಹಾಕುತ್ತಾರೆ. ಅಲ್ಲಿಂದ ಮುಂದೆ ಪ್ರಯಾಣಿಕನಿಗೆ ಕಿಟಕಿಯಾಚೆಯ ತೋಟ, ಕೆರೆ ಯಾವುದೂ ಕಾಣಿಸುವುದಿಲ್ಲ. ಟಿಕೆಟನ್ನು ಜೇಬಿನಲ್ಲಿಡುತ್ತಾನೆ, ತೆಗೆಯುತ್ತಾನೆ, ಕಂಡಕ್ಟರ್ ತನ್ನ ಕಡೆ ನೋಡುವಂತೆ ಅದರಿಂದ ಗಾಳಿ ಬೀಸಿಕೊಳ್ಳುತ್ತಾನೆ. ಇಳಿಯುವಾಗ ಮರೆತರಂತೂ, ಮೂವತ್ತಮೂರು ರೂಪಾಯಿ ಸರ್ಕಾರ ನುಂಗಿತು ಎಂದು ಮನೆಯವರೆಗೂ ಗೊಣಗುತ್ತಾನೆ. ಈಗ ಮಷೀನಿನಿಂದ ಬರುವ ನಯದ ಕಾಗದಕ್ಕೆ ಪೆನ್ನು ಸರಿಯಾಗಿ ಹತ್ತುವುದಿಲ್ಲ. ಇವರು ಮೊದಲು ಉಗುರಿನಿಂದ ಒತ್ತಿ ಗೀರಿ ಆಮೇಲೆ ಬರೆಯುತ್ತಾರೆ.

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾಯಿತಲ್ಲ, ಅದು ಶುರುವಾದ ಹೊಸದರಲ್ಲಿ ಒಬ್ಬ ಅಜ್ಜಿ ಹತ್ತಿದರು. ಮಡಿಲಲ್ಲಿ ಹಲಸಿನ ಹಣ್ಣಿನ ಚೀಲ, ಸೆರಗಿನ ಗಂಟಿನಲ್ಲಿ ಇಪ್ಪತ್ತು ರೂಪಾಯಿ.

"ಬ್ಯಾಡ ಅಜ್ಜಿ, ಹೆಂಗಸ್ರಿಗೆ ಫ್ರೀ. ಆಧಾರ್ ಕಾರ್ಡ್ ತೋರ್ಸಿ ಸಾಕು."

"ಕಾಸು ಕೊಡ್ದೆ ಕುಂತ್ರೆ ನೀನು ಮಧ್ಯದಾಗೆ ಇಳಿಸ್ಬಿಟ್ರೆ?"

"ನಾನ್ಯಾಕೆ ಇಳಿಸ್ಲಿ? ನಿಮ್ ದುಡ್ಡು ಸರ್ಕಾರನೇ ಕೊಡುತ್ತೆ."

"ಸರ್ಕಾರನ ಯಾರು ಕಂಡವ್ರೆ? ನಿನ್ನ ಕಂಡಿವ್ನಿ. ನೀನೇ ಮಡಿಕ್ಕೊ."

ಬಸ್ಸೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ, ನೋಟನ್ನು ಅವರ ಚರ್ಮದ ಚೀಲಕ್ಕೆ ತಾವೇ ತುರುಕಿದರು. ಕಂಡಕ್ಟರು ವಾದಕ್ಕೆ ನಿಲ್ಲದೆ ಸೊನ್ನೆ ರೂಪಾಯಿಯ ಟಿಕೆಟು ಹರಿದು, ಹಿಂದೆ ಉಗುರಿನಿಂದ ಗೀರಿ, '20' ಎಂದು ಬರೆದು, ಸುತ್ತು ಹಾಕಿ ಕೊಟ್ಟರು. ಅಜ್ಜಿಯ ಊರು ಬಂದಾಗ, "ಅಜ್ಜಿ, ನಿಮ್ ಚಿಲ್ರೆ!" ಎಂದು ಅದೇ ನೋಟನ್ನು ಕೈಗಿಟ್ಟರು. ಅಜ್ಜಿ ಅದನ್ನು ಎರಡು ಸಲ ತಿರುಗಿಸಿ ನೋಡಿ, ಲೆಕ್ಕ ಸರಿಯಾಗಿದೆ ಎಂಬಂತೆ ತಲೆಯಾಡಿಸಿ, ಇಳಿದು ಹೋದರು.

ನಾನು ಹಳೆಯ ಪ್ರಶ್ನೆ ಕೇಳಿದೆ. "ಇಲ್ಲ ಮೇಷ್ಟ್ರೆ, ನಮ್ದು ನಿಗಮ" ಎಂದರು. ಅವರಿಗೆ ಚರಿತ್ರೆ ಚೆನ್ನಾಗಿ ಗೊತ್ತು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಎಂದು 120 ಬಸ್ಸುಗಳೊಂದಿಗೆ ಶುರುವಾದದ್ದು, 1961ರಲ್ಲಿ ನಿಗಮವಾದದ್ದು. "ಆವಾಗ ಸೇರಿದ್ರೆ ಇಲಾಖೆಯೋರಾಗ್ತಿದ್ವಿ. ಏನ್ ಮಾಡೋದು, ಹುಟ್ಟಿದ್ದೇ ಲೇಟು."

ಲೇಟಾಗಿ ಹುಟ್ಟಿದ್ದನ್ನು ಸರಿಪಡಿಸಿಕೊಳ್ಳಲು ಅವರು ಪ್ರಯತ್ನಪಡದೆ ಇರಲಿಲ್ಲ. ನಮ್ಮನ್ನೂ ಸರ್ಕಾರಿ ನೌಕರರೆಂದು ಎಣಿಸಿ ಎಂದು ಸಾರಿಗೆಯವರು 2020ರ ಡಿಸೆಂಬರಿನಲ್ಲಿ ಮುಷ್ಕರ ಹೂಡಿದರು. ಮುಂದಿನ ಏಪ್ರಿಲ್ 7ರಿಂದ ಆರನೇ ವೇತನ ಆಯೋಗದ ಸಂಬಳಕ್ಕಾಗಿ ಮತ್ತೆ ಬಸ್ಸು ನಿಲ್ಲಿಸಿದರು. ಯುಗಾದಿಯ ಹೊತ್ತಿಗೆ ಅವರ ಮನೆಯವರು ತಟ್ಟೆ ಲೋಟ ಬಡಿಯುತ್ತ ಬೀದಿಗೆ ಬಂದರು. ಎರಡು ವಾರ ಎಳೆದಾಡಿ, ಕೊರೊನಾದ ಎರಡನೇ ಅಲೆಯೂ ಮೇಲೆ ಬಂದು, ಕೊನೆಗೆ ಕೆಲಸಕ್ಕೆ ಹಿಂತಿರುಗಿದರು. ಎಷ್ಟೋ ಜನಕ್ಕೆ ವಜಾ ಆದೇಶ ಕಾದಿತ್ತು, ಎಷ್ಟೋ ಜನಕ್ಕೆ ವರ್ಗಾವಣೆ. ಇನ್ನು ನಮ್ಮ ಅಪ್ಪಟ ಸರ್ಕಾರಿ ನೌಕರರು 2023ರ ಮಾರ್ಚ್ 1ರಂದು ಅನಿರ್ದಿಷ್ಟಾವಧಿ ಮುಷ್ಕರ ಸಾರಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಶೇ 17ರ ಮಧ್ಯಂತರ ಪರಿಹಾರದ ಆದೇಶ ಹೊರಬಿದ್ದು ಮುಷ್ಕರ ಮುಗಿಯಿತು. ಆವತ್ತು ಯಾವ ಕಚೇರಿ ಮುಚ್ಚಿತ್ತೆಂಬುದೇ ನಮ್ಮೂರಿಗೆ ಗೊತ್ತಾಗಲಿಲ್ಲ. ತೆರೆದಿದ್ದಾಗಲೂ ಗೊತ್ತಾಗುವುದಿಲ್ಲವಲ್ಲ ಎಂದು ಗಾರ್ಡು ಕಣ್ಣು ಮಿಟುಕಿಸಿದರು. ಕಂಡಕ್ಟರು ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. "ಅವರಿಗೆ ಸಿಕ್ಕಿದ್ದು ಒಳ್ಳೇದೇ ಆಯ್ತು. ನನ್ ತಮ್ಮ ಅಲ್ಲವ್ನೆ" ಎಂದರು.

ನಮ್ಮ ಬೀದಿಯಲ್ಲಿ ಖಜಾನೆಯಿಂದ ಸಂಬಳ ತೆಗೆದುಕೊಂಡು, ಈಗ ಖಜಾನೆಯಿಂದಲೇ ಪಿಂಚಣಿ ತೆಗೆದುಕೊಳ್ಳುತ್ತಿರುವ ನಿಜವಾದ ಸರ್ಕಾರವೆಂದರೆ ನಾನೊಬ್ಬನೇ. ನನ್ನನ್ನು ಯಾರೂ ಇದುವರೆಗೆ ಒಂದು ಮಾತೂ ಬೈದಿಲ್ಲ. ಹತ್ತನೇ ಕ್ಲಾಸಿನ ಫಲಿತಾಂಶ ಬಂದಾಗಲೂ ಮಕ್ಕಳನ್ನೇ ಬೈಯುತ್ತಿದ್ದರು. ನಮಸ್ಕಾರ ಮೇಷ್ಟ್ರೆ ಎನ್ನುತ್ತಾರೆ, ಎಳನೀರು ಕಳಿಸುತ್ತಾರೆ, ಅರ್ಜಿ ಬರೆಸಿಕೊಳ್ಳುತ್ತಾರೆ.

ಅರ್ಜಿಯ ವಿಷಯಕ್ಕೆ ಬಂದೆ. ಕನ್ನಡ ಮೇಷ್ಟ್ರಾಗಿದ್ದವನಿಗೆ ನಿವೃತ್ತಿಯಾದ ಮೇಲೆ ಉಳಿಯುವ ವಿದ್ಯೆ ಅದೊಂದೇ. 'ಮಾನ್ಯರೆ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ನಾನು ಬರೆಯಲು ಶುರು ಮಾಡಿದರೆ ಎದುರು ಕೂತವರ ಕಣ್ಣಿನಲ್ಲಿ ಆಗಲೇ ಅರ್ಧ ಕೆಲಸ ಆದಷ್ಟು ಸಮಾಧಾನ. ಬೀದಿಯ ಪರವಾಗಿ ನಾನು ಬರೆದ ಅರ್ಜಿಗಳಲ್ಲಿ ಹೆಚ್ಚು ಹೆಸರು ಗಳಿಸಿದ್ದು ವಾಟರ್‌ಮನ್ ಮೇಲೆ ಕೊಟ್ಟದ್ದು.

ನಮಗೆ ನೀರು ಬರುವುದು ದಿನ ಬಿಟ್ಟು ದಿನ, ಬೆಳಗಿನ ಜಾವ. ಸರಳಿಗೆ ಅಡ್ಡ ಹಿಡಿ ಬೆಸೆದ ಉದ್ದನೆಯ ಚಾವಿ ಹೆಗಲ ಮೇಲಿಟ್ಟುಕೊಂಡು ವಾಟರ್‌ಮನ್ ಬರುತ್ತಾನೆ. ಬೀದಿ ಮೂಲೆಯ ಗುಂಡಿಯ ಕಲ್ಲು ಸರಿಸಿ, ಚಾವಿ ಇಳಿಬಿಟ್ಟು, ವಾಲ್ವಿನ ತಲೆಗೆ ಅದು ಕಚ್ಚಿಕೊಳ್ಳುವವರೆಗೆ ಕತ್ತಲೆಯಲ್ಲಿ ತಡಕುತ್ತಾನೆ. ಕಚ್ಚಿದ ಮೇಲೆ ಮೈಭಾರವೆಲ್ಲ ಹಾಕಿ ತಿರುಗಿಸುತ್ತಾನೆ. ಆಮೇಲೆ ಮಾಡುವ ಕೆಲಸ ನನಗೆ ಬಹಳ ಇಷ್ಟ. ಚಾವಿಯ ಹಿಡಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ, ನೀರು ಯಾವ ಮನೆಯ ತನಕ ಹೋಯಿತೆಂದು ಕೇಳಿಸಿಕೊಳ್ಳುತ್ತಾನೆ. "ಮೇಷ್ಟ್ರ ಮನೆ ದಾಟ್ತು" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಅವನ ಮೇಲೆ ನಮ್ಮ ದೂರು ಇದ್ದದ್ದು, ಮೇಲಿನ ಬೀದಿಗೆ ಎರಡು ಸುತ್ತು ಜಾಸ್ತಿ ತಿರುಗಿಸುತ್ತಾನೆ ಎಂಬುದು. ಎರಡು ಸುತ್ತಿಗೆ ನಾನು ಎರಡು ಪುಟ ಬರೆದೆ. 'ಸದರಿ ಸಿಬ್ಬಂದಿಯು ಕರ್ತವ್ಯಲೋಪವೆಸಗುತ್ತಿದ್ದು, ನಾಗರಿಕರ ತಾಳ್ಮೆಯ ಕಟ್ಟೆಯೊಡೆಯುವ ಮುನ್ನ' ಎಂಬಲ್ಲಿಗೆ ಬಂದಾಗ ಸಾಹುಕಾರರು ಚಪ್ಪಾಳೆಯನ್ನೇ ತಟ್ಟಿದ್ದರು.

ಕೆಲವು ವಾರ ಕಳೆದು ಒಂದು ಸಂಜೆ ವಾಟರ್‌ಮನ್ ನಮ್ಮ ಗೇಟಿನ ಹತ್ತಿರ ನಿಂತಿದ್ದ. ಚಾವಿ ಇಲ್ಲದೆ ಅವನನ್ನು ನೋಡಿ ಅಭ್ಯಾಸವಿರಲಿಲ್ಲ. ಅವನ ಕೈಗಳಿಗೂ ಎಲ್ಲಿರಬೇಕೆಂದು ತೋಚುತ್ತಿರಲಿಲ್ಲ.

"ಮೇಷ್ಟ್ರೆ, ನಂಗೂ ಒಂದು ಅರ್ಜಿ ಬರ್ಕೊಡಿ. ನಾಕು ತಿಂಗ್ಳಿಂದ ಸಂಬಳ ಆಗಿಲ್ಲ."

ನಾನು ಪೆನ್ನು ಹುಡುಕುವ ನೆಪದಲ್ಲಿ ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

"ಯಾಕಪ್ಪ, ನನ್ನ ಹತ್ತಿರವೇ?"

"ನನ್ ಮೇಲೆ ಬರ್ದಿದ್ರಲ್ಲ, ಅದ್ನ ಆಫೀಸಲ್ಲಿ ಎಲ್ರೂ ಓದುದ್ರು. ಬೋ ಚೆನ್ನಾಗಿತ್ತು. ಮಾರನೇ ದಿನವೇ ನಂಗೆ ನೋಟೀಸ್ ಬಂತು. ಅಷ್ಟು ಬೇಗ ಯಾವ ಅರ್ಜಿಗೂ ಕೆಲಸ ಆಗಿದ್ದಿಲ್ಲ. ಅದ್ಕೇ, ಬರೆಸಿದ್ರೆ ನಿಮ್ ಕೈಲೇ ಬರೆಸ್ಬೇಕು ಅಂತ."

ಹೊಗಳಿಕೆ ಗಂಟಲಲ್ಲಿ ಸಿಕ್ಕಿಕೊಳ್ಳುವುದೆಂದರೇನೆಂದು ಆಗ ತಿಳಿಯಿತು. ಕೂರಿಸಿ ವಿಚಾರಿಸಿದರೆ ಅವನೂ ಸರ್ಕಾರದವನಲ್ಲ, ಪುರಸಭೆಯವನೂ ಅಲ್ಲ. ಗುತ್ತಿಗೆದಾರನೊಬ್ಬನ ಪಟ್ಟಿಯಲ್ಲಿರುವ ಒಂದು ಹೆಸರು. ಮೇಲಿನ ಬೀದಿಗೆ ಎರಡು ಸುತ್ತು ಯಾಕೆ ಜಾಸ್ತಿ ಎಂಬುದನ್ನೂ ಅವನೇ ಹೇಳಿದ. ಅಲ್ಲಿ ನೆಲ ಎತ್ತರ, ಪೈಪು ಹಳೆಯದು, ಅಷ್ಟು ತಿರುಗಿಸಿದರೇ ಕೊನೆಯ ಮನೆಗೆ ನಾಲ್ಕು ಕೊಡ. ಇದನ್ನು ಸಾಹುಕಾರರಿಗೆ ಹೇಳಿದೆ. ಅವರು ನಂಬಲಿಲ್ಲ, ಆದರೆ ಆ ತಿಂಗಳು ಅವನಿಗೆ ಮಂಡಿಯಲ್ಲಿ ರಾತ್ರಿ ಕಾವಲಿನ ಕೆಲಸ ಕೊಟ್ಟು ಮುಂಗಡವನ್ನೂ ಕೊಟ್ಟರು. ನಮ್ಮ ಊರಿನವರ ರಾಜಕೀಯ ಅಭಿಪ್ರಾಯಕ್ಕೂ ನಡತೆಗೂ ಯಾವತ್ತೂ ಹೊಂದಾಣಿಕೆಯಾದದ್ದಿಲ್ಲ. ಉಚಿತ ಯೋಜನೆಗಳಿಂದ ರಾಜ್ಯ ಹಾಳಾಯಿತು ಎಂದು ಹೋಟೆಲಿನಲ್ಲಿ ಭಾಷಣ ಮಾಡುವ ಮೆಡಿಕಲ್ ಸ್ಟೋರಿನವರು, ತಿಂಗಳ ಗೃಹಲಕ್ಷ್ಮಿಯ 2000 ರೂಪಾಯಿ ಖಾತೆಗೆ ಬಿತ್ತೇ ಎಂದು ಹಳ್ಳಿಯ ಹೆಂಗಸರ ಮೊಬೈಲು ನೋಡಿ ಹೇಳುವ ಕೆಲಸವನ್ನು ಅಂಗಡಿಯಲ್ಲಿ ಪುಕ್ಕಟೆಯಾಗಿ ಮಾಡುತ್ತಾರೆ. ಬೀಳದಿದ್ದವರಿಗೆ ಬಿಪಿ ಮಾತ್ರೆಯನ್ನು ಸಾಲ ಕೊಡುತ್ತಾರೆ.

ವಾಟರ್‌ಮನ್ ಅರ್ಜಿಯ ಸುದ್ದಿ ಹಬ್ಬಿತು. ಕಸದ ಗಾಡಿಯ ಹಿಂದೆ ಬರುವ ಹೆಂಗಸು ಬಂದಳು, ಆಮೇಲೆ ಎದುರುಮನೆಯ ಹುಡುಗಿ, ಸರ್ಕಾರಿ ಪದವಿ ಕಾಲೇಜಿನಲ್ಲಿ ವರ್ಷಗಳಿಂದ ಅತಿಥಿ ಉಪನ್ಯಾಸಕಿ. ಅತಿಥಿಗೆ ಇಷ್ಟು ವರ್ಷವಾದರೂ ಸ್ಟಾಫ್ ರೂಮಿನಲ್ಲಿ ಸ್ವಂತ ಕುರ್ಚಿ ಸಿಕ್ಕಿಲ್ಲ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯೂ ಬಂದರು. ಕೊರೊನಾ ಕಾಲದಲ್ಲಿ ನಮ್ಮ ಮನೆ ಬಾಗಿಲಿಗೆ ಬಂದ ಹೊರಗಿನ ಮುಖ ಅವರದೊಂದೇ. ಗೇಟಿನಾಚೆ ನಿಂತು, ನನ್ನ ಹೆಂಡತಿಯ ಉಸಿರಾಟ ಹೇಗಿದೆಯೆಂದು ಕೂಗಿ ಕೇಳಿ ಬರೆದುಕೊಂಡು ಹೋಗುತ್ತಿದ್ದರು. 2025ರ ಜನವರಿಯ ಚಳಿಯಲ್ಲಿ ಅವರ ಸಂಘದವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಅದು ಹಿಂದೆ ಸೆಂಟ್ರಲ್ ಜೈಲಾಗಿದ್ದ ಜಾಗ. ಸರ್ಕಾರವನ್ನು ಏನಾದರೂ ಕೇಳಬೇಕೆಂದರೆ ಈಗ ಹಳೆಯ ಜೈಲಿನೊಳಗೆ ಹೋಗಿ ಕೇಳಬೇಕು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದುಬಂದರು. ಬರುವಾಗ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ನೋಡಿ ಸಾರ್ ಎಂದು ಮೊಬೈಲು ಹಿಡಿದರು. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದ ಆ ಬಿಳಿಯ ಕಲ್ಲು, ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಅಕ್ಷರಗಳು, ಕೆಳಗೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ನಾಲ್ಕು ಗುಲಾಬಿ ಸೀರೆಗಳು.

"ದೇವ್ರ ಕೆಲಸ ಅಂತ ಬರ್ದವ್ರಲ್ಲ ಸಾರ್, ಅದ್ಕೇ ಇರ್ಬೇಕು, ನಮ್ಗೆ ಸಂಬಳ ಅನ್ನಲ್ಲ, ಗೌರವಧನ ಅಂತಾರೆ" ಎಂದು ಅವರೇ ಮೊದಲು ನಕ್ಕರು.

ಹಾಗಾದರೆ ಸರ್ಕಾರ ಯಾರು? ಇದನ್ನು ಒಂದು ಸಲ ಶಾಸಕರನ್ನೇ ಕೇಳುವ ಅವಕಾಶ ಬಂತು. ನಮ್ಮ ಬೀದಿಯ ಚರಂಡಿಗೆ ಗುದ್ದಲಿ ಪೂಜೆ. ಯಾವ ಪಕ್ಷದವರೆಂದು ಹೇಳುವುದಿಲ್ಲ. ಮೂರು ಪಕ್ಷದವರೂ ಇದೇ ಉತ್ತರ ಕೊಟ್ಟದ್ದನ್ನು ನಾನು ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿದ್ದೇನೆ. ಆಗ ಅವರದೇ ಪಕ್ಷ ಅಧಿಕಾರದಲ್ಲಿತ್ತು. ನಮ್ಮ ವಾಟರ್‌ಮನ್ ಸಂಬಳದ ಅರ್ಜಿಯನ್ನು ಅವರ ಕೈಗೇ ಕೊಟ್ಟೆ. ಹಾರವನ್ನು ಸರಿಸಿ, ಕನ್ನಡಕ ಏರಿಸಿ, ಅರ್ಧ ಓದಿ, ಮುಖದಲ್ಲಿ ನಿಜವಾದ ವ್ಯಥೆಯನ್ನೇ ತಂದುಕೊಂಡು ಅವರು ಹೇಳಿದರು: "ಖಂಡಿತ ಮೇಷ್ಟ್ರೆ, ಇದನ್ನ ಸರ್ಕಾರದ ಗಮನಕ್ಕೆ ತರ್ತೀನಿ."

ಅವರ ಪಕ್ಕದಲ್ಲಿ ಛತ್ರಿ ಹಿಡಿದಿದ್ದವನು ನಮ್ಮ ವಾಟರ್‌ಮನ್. ಅವನೂ ತಲೆಯಾಡಿಸಿದ.

ಕಾಲು ಸವೆದರೂ ಸರಿ, ಅರ್ಜಿಯನ್ನು ಕಚೇರಿಗೇ ಕೊಟ್ಟು ಸ್ವೀಕೃತಿ ಪಡೆಯೋಣವೆಂದು ನಾನೇ ಹೊರಟೆ. 2012ರಲ್ಲಿ ಸಕಾಲ ಬಂದ ಮೇಲೆ ಸವಲತ್ತಿನ ಅರ್ಜಿಗಳಿಗೆ ಉದ್ದನೆಯ ನಂಬರು ಸಿಗುತ್ತದೆ, ಇಷ್ಟು ದಿನದಲ್ಲಿ ಕೆಲಸ ಆಗಬೇಕೆಂಬ ಲೆಕ್ಕ ಇರುತ್ತದೆ. ಸಂಬಳ ಕೊಡಿ ಎಂಬ ಅರ್ಜಿಗೆ ಅಂಥ ನಂಬರು ಇಲ್ಲವಂತೆ. ಕಂಪ್ಯೂಟರಿನ ಹಿಂದೆ ಕೂತಿದ್ದ ಹುಡುಗನಿಗೆ ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ಅರ್ಜಿಯನ್ನು ಕೊನೆಯವರೆಗೂ ಓದಿದ. ಕಚೇರಿಯಲ್ಲಿ ಯಾರಾದರೂ ಅರ್ಜಿಯನ್ನು ಕೊನೆಯವರೆಗೆ ಓದಿದ್ದನ್ನು ಕಂಡು ನನಗೆ ಸ್ವಲ್ಪ ಗಾಬರಿಯೇ ಆಯಿತು. ಮೊಹರು ಒತ್ತಿದ. ಮೊಹರು ಮೂಡಲಿಲ್ಲ. ಪ್ಯಾಡಿಗೆ ಎರಡು ತೊಟ್ಟು ನೀರು ಚಿಮುಕಿಸಿ ಮತ್ತೆ ಒತ್ತಿದ.

"ಈ ಕೈಬರಹ ನೋಡಿದೀನಿ ಸಾರ್. ಮೊದಲು ವಾಟರ್‌ಮನ್ ಮೇಲೆ ಬರೆದಿದ್ರಿ. ಈಗ ಅವನ ಪರವಾಗಿ ಬರೆದಿದೀರಿ."

"ಹೌದಪ್ಪ."

"ಎರಡೂ ಚೆನ್ನಾಗಿದೆ" ಎಂದು ಆ ಕಡೆ ಈ ಕಡೆ ನೋಡಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಸಾರ್, ನಂದೂ ಒಂದು ಬರ್ಕೊಡ್ತೀರಾ?"

ಹಳೆಯ ಪ್ರಶ್ನೆ ನಾನು ಕೇಳಬೇಕಾಗಲಿಲ್ಲ. ಅವನು ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರು. ಪಿಎಫ್ ಕತ್ತರಿಸುತ್ತಾರಂತೆ, ಕಟ್ಟುವುದಿಲ್ಲವಂತೆ. ಅಲ್ಲೇ ಅವನ ಮೇಜಿನ ಮೇಲೆ, ಅವನದೇ ಪೆನ್ನಿನಿಂದ ಶುರು ಮಾಡಿದೆ. ಹೆಸರು ಬರೆದೆ, ಹುದ್ದೆ ಬರೆದೆ, ವಿಷಯದ ಸಾಲು ಬರೆದೆ. ಯಾರಿಗೆ ಎಂಬಲ್ಲಿಗೆ ಬಂದು, "ಇಲ್ಲಿ ಏನಂತ ಹಾಕಲಿ?" ಎಂದೆ.

ಹುಡುಗ ತಲೆ ಕೆರೆದುಕೊಂಡ.

"ಮುಂದಿನ ತಿಂಗ್ಳು ಟೆಂಡರ್ ಐತೆ ಸಾರ್, ಏಜೆನ್ಸಿ ಬದಲಾಗುತ್ತೆ. ಆ ಜಾಗ ಖಾಲಿ ಬಿಡಿ, ನಾನೇ ತುಂಬ್ಕೊತೀನಿ. ನೀವು ಆ 'ತಾಳ್ಮೆಯ ಕಟ್ಟೆ' ಅಂತ ಒಂದು ಹಾಕಿದ್ರಲ್ಲ, ಅದನ್ನ ಮಾತ್ರ ಹಾಕ್ಬಿಡಿ."